ನಲವತ್ತು ನಿಮಿಷದ ಒಂದು ನಿಮಿಷ

ಯಲಬುರ್ಗಾದ ಸಮುದಾಯ ಭವನದಲ್ಲಿ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಎದ್ದು ನಿಂತ ನಾನ್ನೂರು ಜನ ಹನ್ನೆರಡೂವರೆಯಾದರೂ ಕೂತಿರಲಿಲ್ಲ. ತೀರಿಕೊಂಡ ಪ್ರೊಫೆಸರ್ ಮುದಿಯಪ್ಪ ಅಳವಂಡಿಯವರ ನುಡಿನಮನ ಸಭೆ ಅದು. ಒಂದು ನಿಮಿಷದ ಮೌನ ಎಂದು ಶುರುವಾದದ್ದು ಮುಗಿಸುವವರಿಲ್ಲದೆ ಹಾಗೇ ನಡೆದಿತ್ತು.

ಜನರನ್ನು ದೂರಿ ಪ್ರಯೋಜನವಿಲ್ಲ. ಮೂವತ್ತು ವರ್ಷದಿಂದ ಈ ತಾಲ್ಲೂಕಿನಲ್ಲಿ ಯಾರೇ ಸತ್ತರೂ ಸಭೆಯ ಅಧ್ಯಕ್ಷತೆ ಮುದಿಯಪ್ಪನವರದೇ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದರು, ಬಿಡುವಿದ್ದಾಗ ಊರಿನ ಜಗಳ ಬಿಡಿಸುತ್ತಿದ್ದರು, ಹಳ್ಳಿ ಹಳ್ಳಿ ತಿರುಗಿ ಹುಡುಗಿಯರನ್ನು ಕಾಲೇಜಿಗೆ ಸೇರಿಸುತ್ತಿದ್ದರು. ಮೌನ ಶುರುವಾಗಿ ಮುಕ್ಕಾಲು ನಿಮಿಷಕ್ಕೆಲ್ಲ ಮೇಜು ಬಡಿದು, "ಸಾಕು, ಕುಂದರ್ರಿ. ಹೋದಾವ್ರಿಗೆ ಅವಸರ ಇಲ್ಲ, ನಮಗ ಕೆಲಸ ಅದಾವು" ಅನ್ನುತ್ತಿದ್ದರು. ಜನ ಕೂರುತ್ತಿದ್ದರು. ಈಗ ಅವರೇ ಫೋಟೊದೊಳಗೆ ಮಾಲೆ ಹಾಕಿಸಿಕೊಂಡು ಕೂತಿದ್ದರು. ಮೇಜು ಬಡಿಯುವವರು ಯಾರು?

ನಿರೂಪಣೆಗೆ ನಿಂತವನು ಗೌರೀಶ, ಮುದಿಯಪ್ಪ ಸರ್ ಅವರ ಶಿಷ್ಯ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅವನ ಪಕ್ಕದಲ್ಲಿ ಸರ್ ಅವರ ಹೆಂಡತಿ ಶರಣಬಸಮ್ಮ ಮೊಣಕಾಲು ನೋವು ನುಂಗಿಕೊಂಡು ನಿಂತಿದ್ದರು.

"ಗೌರೀಶ, ಇನ್ನೂ ಒಂದ್ ನಿಮಿಷ ಆಗಿಲ್ಲೇನೋ?" ಮೆಲ್ಲಗೆ ಕೇಳಿದರು.

"ಇಪ್ಪತ್ತೈದು ಆದ್ವುರಿ ಅಮ್ಮಾರ."

"ಮತ್ತ ಮುಗಸು."

"ಅಧ್ಯಕ್ಷರು ತಲಿ ಎತ್ತವಲ್ರು. ಅವರಕಿಂತ ಮೊದಲ ನಾ ಮುಗಿಸಿದ್ರ, ಸರ್‌ಗೆ ಇಷ್ಟ ಗೌರವ ಸಾಕು ಅಂತ ನಾ ಅಂದಂಗ ಆಗತೈತ್ರಿ. ಎಲ್ಲಾ ವಿಡಿಯೊ ಆಗಾಕತ್ತೈತಿ."

ಸಭಿಕರ ಲೆಕ್ಕವೂ ಅದೇ. ಮೊದಲು ಕೂತವನಿಗೆ ಸರ್ ಮೇಲೆ ಪ್ರೀತಿ ಕಡಿಮೆ ಎಂದಾಗಿಬಿಡುತ್ತದೆ. ಯಾರದೋ ಮೊಬೈಲು ಒಂದು ಇಡೀ ಭಜನೆ ಹಾಡಿ ತಾನೇ ಸುಮ್ಮನಾಯಿತು. ಹಿಂದಿನ ಸಾಲಿನ ಮುದುಕವ್ವ ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೋದಳು. ಹೊರಗೆ ಬುಟ್ಟಿಯಲ್ಲಿ ಮಿರ್ಚಿ ಆರಿ ತಣ್ಣಗಾಗುತ್ತಿದ್ದವು.

ಸಭೆಯ ಅಧ್ಯಕ್ಷರು, ಚುನಾವಣೆಗೆ ನಿಲ್ಲುವ ಬಾಲಪ್ಪನವರದು ಮಾತ್ರ ಬೇರೆ ಲೆಕ್ಕ. ಸರ್ ತೀರಿಕೊಂಡ ಮೂರನೇ ದಿನ, ಮನೆ ತುಂಬ ಜನರಿರುವಾಗ, ಅವರು ಶರಣಬಸಮ್ಮನವರಿಗೆ ಒಂದು ಮಾತು ಕೊಟ್ಟಿದ್ದರು: "ಬಸ್ ನಿಲ್ದಾಣದ ಹಿಂದಿನ ನನ್ನ ಎರಡು ಎಕರೆ ಸರ್ ಹೆಸರಿಲೆ ಹುಡುಗ್ಯಾರ ಹಾಸ್ಟೆಲ್ಲಿಗೆ ಬಿಡ್ತೀನ್ರಿ ಅಕ್ಕಾರ. ನುಡಿನಮನದ ದಿನ ಮೈಕಿನಾಗ ಹೇಳ್ತೀನಿ." ಹದಿನಾಲ್ಕು ಹುಡುಗಿಯರು ಈಗಲೂ ಸರ್ ಮನೆಯ ಎರಡು ಕೋಣೆಯಲ್ಲಿ ಒತ್ತಿಕೊಂಡು ಮಲಗುತ್ತಿದ್ದರು. ಜೂನ್‌ನಲ್ಲಿ ಇನ್ನೂ ಹತ್ತು ಮಂದಿ ಬರುವವರಿದ್ದರು. ಆದರೆ ಕಳೆದ ವಾರ ಲೇಔಟ್ ಮಾಡುವವರು ಬಂದು ಆ ಜಾಗ ನೋಡಿಕೊಂಡು ಹೋಗಿದ್ದರು. ಕಾರ್ಯಕ್ರಮ ಪಟ್ಟಿಯಲ್ಲಿ ಮೌನಾಚರಣೆಯ ನಂತರ ಇದ್ದದ್ದೇ ಅಧ್ಯಕ್ಷರ ಘೋಷಣೆ. ಬಾಯಿ ಬಿಟ್ಟರೆ ಎರಡು ಎಕರೆ ಹೋಗುತ್ತದೆ. ಹೇಳದೆ ಹಾರಿಸಿದರೆ ಮುಂದಿನ ಚುನಾವಣೆ ಹೋಗುತ್ತದೆ. ಮೌನವಾಗಿದ್ದರೆ ಎರಡೂ ಉಳಿಯುತ್ತವೆ. ಒಂದು ಗಂಟೆಗೆ ಭವನವನ್ನು ಯಾರದೋ ಕುಬಸದ ಕಾರ್ಯಕ್ಕೆ ಬಿಟ್ಟುಕೊಡಬೇಕಿತ್ತು, ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತರೆ ಸಾಕಿತ್ತು. ಬಸುರಿಯ ಕಡೆಯವರು ಆಗಲೇ ಬಾಗಿಲಲ್ಲಿ ಹೂವಿನ ಬುಟ್ಟಿ ಇಳಿಸುತ್ತಿದ್ದರು.

ಬಾಲಪ್ಪನವರು ಮೆಲ್ಲಗೆ ಒಂದು ಕಣ್ಣು ತೆರೆದರು. ಗೋಡೆ ಗಡಿಯಾರ ನೋಡಿದರು, ಹನ್ನೆರಡು ನಲವತ್ತೆರಡು. ಮತ್ತೆ ಮುಚ್ಚಿದರು.

ಶರಣಬಸಮ್ಮ ಅದನ್ನು ಕಂಡರು. ಬೆಳಿಗ್ಗೆಯಿಂದ ಅಳು ತಡೆದುಕೊಂಡಿದ್ದವರಿಗೆ ಈಗ ಅಳು ಎತ್ತ ಹೋಯಿತೋ, ಮೈಯೆಲ್ಲ ಸಿಟ್ಟು ತುಂಬಿತು. ಕೈ ಚಾಚಿದರು. ಗೌರೀಶ ಮೈಕು ಕೊಟ್ಟ.

"ಎಲ್ಲಾರೂ ಹಂಗ ನಿಂದರ್ರಿ. ಮೌನ ಇನ್ನೂ ಮುಗಿದಿಲ್ಲ" ಎಂದರು. "ಬಾಲಪ್ಪನವರಿಗೆ ಭಾಳ ದುಃಖ ಆಗೈತಿ, ಬಾಯಿಂದ ಮಾತು ಹೊಂಡವಲ್ವು. ಅವರು ಹೇಳೂದನ್ನ ನಾನ ಹೇಳತೀನಿ. ಬಸ್ ನಿಲ್ದಾಣದ ಹಿಂದಿನ ಎರಡು ಎಕರೆ ಹುಡುಗ್ಯಾರ ಹಾಸ್ಟೆಲ್ಲಿಗೆ ಕೊಟ್ಟಾರ. ನಾ ಸುಳ್ಳು ಹೇಳಿದ್ರ, ಅವರು ಈಗ ಬಾಯಿ ಬಿಟ್ಟು ಇಲ್ಲ ಅನ್ಲಿ."

ಬಾಲಪ್ಪನವರ ಎರಡೂ ಕಣ್ಣು ತೆರೆದವು. ಬಾಯಿಯೂ ತೆರೆಯಿತು. ಅಷ್ಟರಲ್ಲಿ ವಿಡಿಯೊ ತೆಗೆಯುತ್ತಿದ್ದ ಮೆಹಬೂಬಸಾಬ ಕ್ಯಾಮೆರಾವನ್ನು ಫೋಟೊ ಕಡೆಯಿಂದ ಅವರ ಕಡೆ ತಿರುಗಿಸಿದ. ಬಗ್ಗಿದ್ದ ನಾನ್ನೂರು ತಲೆಗಳು ಎದ್ದವು. ಸರ್ ಅವರ ಮೌನವನ್ನು ಮುರಿಯುವವನು ಯಾರು ಎಂದು ನೋಡಲು ಇಡೀ ತಾಲ್ಲೂಕು ಕಾದು ನಿಂತಂತಿತ್ತು. ಬಾಯಿ ಎಷ್ಟು ನಿಧಾನವಾಗಿ ತೆರೆದಿತ್ತೋ ಅಷ್ಟೇ ನಿಧಾನವಾಗಿ ಮುಚ್ಚಿಕೊಂಡಿತು.

ಶರಣಬಸಮ್ಮ ಗಡಿಯಾರ ನೋಡುತ್ತ ಸರಿಯಾಗಿ ಒಂದು ನಿಮಿಷ ಎಣಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಅವರ ಹಿಂದೆ ಇಡೀ ಭವನ ಒಮ್ಮೆಲೇ ಕೂತಿತು. ಕಂಬಕ್ಕೆ ಒರಗಿದ್ದ ಮುದುಕವ್ವ ಎಚ್ಚರಾಗಿ ಚಪ್ಪಾಳೆ ತಟ್ಟಿದಳು.

ಬಾಲಪ್ಪನವರು ಒಬ್ಬರೇ ನಿಂತಿದ್ದರು, ಮುಗಿದ ಕೈ ಮುಗಿದಂತೆಯೇ. ಅವರ ಕಣ್ಣಿಂದ ನೀರು ಧಾರೆ ಧಾರೆಯಾಗಿ ಇಳಿಯತೊಡಗಿತು. ಸರ್ ಮೇಲೆ ಅವರಿಗೆ ಇಷ್ಟು ಪ್ರೀತಿ ಇತ್ತೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.