ಬಿ ಸೈಡಿನ ಕೊನೇ ಹಾಡು

ನೇಕಾರ ಎರ್ರಿಸ್ವಾಮಿಗೆ ಕೊಟ್ಟಿದ್ದ ಕ್ಯಾಸೆಟ್ ವಾಪಸ್ ಇಸ್ಕೊಂಡು ಹೋಗಲು ಚಳ್ಳಕೆರೆಯಿಂದ ಬಂದಿದ್ದ ಮಹಾಂತೇಶ, ಅದರ ಅಂಚಿನ ತೂತಿಗೆ ಅಂಟಿಸಿದ್ದ ಕಾಗದ ಕಂಡು ತಲೆ ಚಚ್ಚಿಕೊಂಡ. ಆ ತೂತು ಮುಚ್ಚಿದರೆ ಹಳೇ ಹಾಡು ಅಳಿಸಿ ಹೊಸದು ತುಂಬಬಹುದು.

“ಲೇ ಎರ್ರಿಸ್ವಾಮಿ, ನಮ್ಮಂಗಡಿಯಾಗೆ ಯಾರೂ ಮುಟ್ಟದೆ ಧೂಳು ತಿಂತಿದ್ದ ಕ್ಯಾಸೆಟ್ ಕಣೋ ಇದು. ಬಿ ಸೈಡಿನ ಕೊನೇ ಹಾಡಾದ್ರೂ ಕೇಳ್ರಪ್ಪ ಅಂತ ಸಿಕ್ಕಸಿಕ್ಕೋರಿಗೆಲ್ಲ ಕೊಟ್ಟೆ. ಒಬ್ಬನೂ ಕೇಳ್ಲಿಲ್ಲ. ನೀನು ಅಳಿಸೇ ಬಿಟ್ಯಲ್ಲ.”

ಎರ್ರಿಸ್ವಾಮಿ ಮಗ್ಗ ಬಿಟ್ಟು ಏಳಲಿಲ್ಲ. “ರೇಡಿಯೊದಾಗಿನ ಸಿನಿಮಾ ಹಾಡು ತುಂಬೋಣ ಅಂತಿದ್ದೆ. ಯಾವ ಬಟನ್ ಒತ್ತಿದ್ನೋ, ಬರೀ ಮನೆ ಗಲಾಟೆ ತುಂಬ್ಕೊಂಡೈತೆ. ಹೆಂಗೂ ಅದನ್ನ ಯಾರೂ ಕೇಳಲ್ಲ ಅಂತ ನೀನೇ ಅಂತಿದ್ದೆ.”

ಇಂಥವನ ಹತ್ತಿರ ಏನು ಮಾತಾಡುವುದು. ಮಹಾಂತೇಶ ಸಿಟ್ಟಿನಲ್ಲೇ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ತುರುಕಿ ಬಟನ್ ಒತ್ತಿದ. ಟೇಪಿನಲ್ಲಿ ಮಗ್ಗದ ಟಕ್ ಟಕ್. ಯಾರೋ ಕೆಮ್ಮಿದರು. ಆಮೇಲೆ ಎರ್ರಿಸ್ವಾಮಿಯ ಅವ್ವ ಕೊಲ್ಲಾಪುರಮ್ಮನ ದನಿ, ಮಗ್ಗದ ಸದ್ದನ್ನೇ ತಾಳ ಮಾಡಿಕೊಂಡು ಹಾಡತೊಡಗಿತು. ಅದೇ, ಬಿ ಸೈಡಿನ ಕೊನೇ ಹಾಡು. ಪಲ್ಲವಿಯಿಂದ ಕೊನೇ ಚರಣದವರೆಗೆ ಒಂದು ಸಾಲೂ ಬಿಟ್ಟಿರಲಿಲ್ಲ. ಮಾತು ಮರೆತ ಕಡೆ ತೆಲುಗು ಸೇರಿಸಿದ್ದಳು.

ಮೂಲೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದ ಕೊಲ್ಲಾಪುರಮ್ಮ ತಲೆ ಎತ್ತಲಿಲ್ಲ. “ದಿನಾ ಹಾಕ್ಕೊಂಡು ಕೇಳ್ತಿದ್ದೆನಪ್ಪ. ಇವನು ಹಾಳು ಮಾಡ್ದ.”

“ಇನ್ಮೇಲೆ ಇದನ್ನ ಅಳಿಸಿದ್ರೆ ನೋಡ್ಕೋ,” ಅಂತ ಎರ್ರಿಸ್ವಾಮಿಯನ್ನು ಗದರಿ, ಮಹಾಂತೇಶ ಕ್ಯಾಸೆಟ್ ಹೊರಗೆ ತೆಗೆದು, ತೂತಿಗೆ ಅಂಟಿಸಿದ್ದ ಕಾಗದವನ್ನು ಉಗುರಿನಿಂದ ಕೆರೆದು ಕಿತ್ತ.