ದೊರೆಯ ಮೂಳೆಗಳು

"ಪೆಟ್ಟಿಗೆ ತೆಗೀರಿ," ಎಂದ ದೊರೆಯ ತಮ್ಮ ಎಬರ್ವಿನ್. "ಒಳಗಿರೋದು ನಮ್ಮಣ್ಣನೋ ಕುರಿ ಮೂಳೆಯೋ, ಯಾರು ಕಂಡೋರು?"

ಮುದುಕ ಫೋಲ್ಕ್‌ಮಾರ್ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ. ದೊರೆ ಆಡಲ್‌ಗರನ ಜೊತೆ ಧರ್ಮಯುದ್ಧಕ್ಕೆ ಹೋದ ಹದಿನಾರು ಜನರಲ್ಲಿ ಮರಳಿದವನು ಅವನೊಬ್ಬನೇ. ಸಿರಿಯಾದಿಂದ ವೇಸರ್ ನದಿದಂಡೆಯ ಈ ಕೋಟೆಯವರೆಗೆ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ದೂರದಲ್ಲಿ ಸತ್ತ ದೊರೆಯ ದೇಹವನ್ನು ದ್ರಾಕ್ಷಾರಸದಲ್ಲಿ ಬೇಯಿಸಿ, ಮೂಳೆ ಬಿಡಿಸಿ ಊರಿಗೆ ತರುವುದು ಜರ್ಮನ್ ದೊರೆಮನೆಗಳ ವಾಡಿಕೆ. ಆಳುಕಾಳುಗಳಿಗೆ ಸತ್ತಲ್ಲೇ ಮಣ್ಣು.

ದೊರೆಸಾನಿ ರಿಖೆಂಜಾ ಮಗನನ್ನು ಹತ್ತಿರಕ್ಕೆಳೆದುಕೊಂಡಳು. ಗಂಡನ ಸಾವು ಖಚಿತವಾದರೆ ಏಳು ವರ್ಷದ ಮಗನಿಗೆ ಪಟ್ಟ. ಇಲ್ಲವಾದರೆ 'ಅಣ್ಣ ಬರುವ ತನಕ' ಮೈದುನನದೇ ಆಳ್ವಿಕೆ. ಅಲ್ಲಿಯವರೆಗೆ ಮಗು ಬದುಕಿರುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಆಡಲ್‌ಗರ್ ಹದಿನೆಂಟು ವರ್ಷ ಆಳಿದ್ದ. ಮಹಾ ಮುಂಗೋಪಿ. ಆದರೆ ಹಸಿದವರಿಗೆ ತನ್ನ ಕಣಜ ತೆರೆದವನು, ದಾರಿಗಳ್ಳರಾದ ಸ್ವಂತ ನೆಂಟರನ್ನೇ ಗಲ್ಲಿಗೇರಿಸಿದವನು. ಅಂಥವನು ಇಷ್ಟೇ ಇಷ್ಟು ಪೆಟ್ಟಿಗೆಯಲ್ಲಿ ಹಿಡಿಸಿದನಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು.

ಸಾಕ್ಷಿಗೆ ಕೂತಿದ್ದ ಬಿಷಪ್ಪರು ತಲೆಯಾಡಿಸಿದರು. ಮುಚ್ಚಳ ತೆಗೆದರು. ರಿಖೆಂಜಾ ತಲೆಬುರುಡೆಯನ್ನು ಮಡಿಲಿಗಿಟ್ಟುಕೊಂಡು ದವಡೆಯ ಮೇಲೆ ಬೆರಳಾಡಿಸಿದಳು. ಗಂಡನ ಎರಡು ದವಡೆಹಲ್ಲು ಕೀಳಿಸುವಾಗ ಅವನ ತಲೆ ಹಿಡಿದು ಕೂತವಳು ಅವಳೇ.

ಇಲ್ಲಿ ಒಂದು ಹಲ್ಲೂ ಕಡಿಮೆಯಿರಲಿಲ್ಲ.

"ಏನತ್ತಿಗೆ, ಗಂಡನ ಗುರುತು ಸಿಗ್ಲಿಲ್ವಾ?" ಎಬರ್ವಿನ್ ನಕ್ಕ.

ಅವಳು ಮಗನ ಕಡೆ ನೋಡಿದಳು. "ಸಿಕ್ತು. ಇವರೇ."

ಮಗನಿಗೆ ಪಟ್ಟವಾಯಿತು. ಮೂಳೆಗಳು ಚರ್ಚಿನೊಳಗೆ, ದೊರೆಮನೆಯವರ ಸಮಾಧಿ ಸೇರಿದವು.

ಎಲ್ಲರೂ ಹೋದ ಮೇಲೆ ಅವಳು ಫೋಲ್ಕ್‌ಮಾರನನ್ನು ಸಮಾಧಿಯ ಬಳಿಯೇ ತಡೆದಳು. "ನನ್ನ ಗಂಡ ಎಲ್ಲಿ?"

"ಅಲ್ಲೇ ಮರಳಲ್ಲಿ ಮಲಗಿಸಿ ಬಂದೆ, ಅಮ್ಮಾವ್ರೇ. ಜ್ವರಕ್ಕೆ ಇಬ್ರೂ ಒಂದೇ ವಾರದಲ್ಲಿ ಹೋಗ್ಬಿಟ್ರು. ಇಬ್ರನ್ನೂ ಹೊರೋ ಶಕ್ತಿ ನನಗಿರ್ಲಿಲ್ಲ."

"ಇಬ್ರಾ? ಹಾಗಾದ್ರೆ ಇಲ್ಲಿರೋದು ಯಾರೋ?"

ಮುದುಕ ಮೊಣಕಾಲೂರಿದ.

"ನನ್ನ ಗಲ್ಲಿಗೇರಿಸಿ, ಅಮ್ಮಾವ್ರೇ. ಆದ್ರೆ ನಿಮ್ಮ ಅಡಿಗೆಮನೇಲಿರೋ ನನ್ನ ಹೆಂಡ್ತೀನ ಒಂದ್ಸಲ ಇಲ್ಲಿಗೆ ಕರೆಸಿ, ನಮ್ಮ ಮಗನ ಹತ್ರ ಕೂತು ಅವಳು ಅತ್ಕೊಳ್ಳಲಿ."