ಹದಿನಾಲ್ಕನೆಯ ನಂಬರಿನ ಕೆಂಪು

ಹೇಳಿದರೆ ಚಿಕ್ಕಮ್ಮ ನೊಂದುಕೊಳ್ಳುತ್ತಾರೆ. ಹೇಳದಿದ್ದರೆ ತಮ್ಮ ಮುಖವೇ ಸರಿಯಿಲ್ಲ ಅಂದುಕೊಂಡು ಉಳಿದುಬಿಡುತ್ತಾರೆ. ಎರಡರಲ್ಲಿ ಯಾವುದು ಕಡಿಮೆ ಪಾಪ? ಹಿಂದಿನ ದಿನ ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ನು ಮುಚ್ಚಿದ್ದಳು. ಈಗ ಅದೇ ಚಿಕ್ಕಮ್ಮ ಅಂಗಡಿಯ ಗಾಜಿನ ಮೇಜಿನ ಮೇಲೆ ಮಣಿಕಟ್ಟು ಚಾಚಿ, ರಕ್ತ ಪರೀಕ್ಷೆಗೆ ಬಂದವರ ಹಾಗೆ ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು.

ಚಿಕ್ಕಮ್ಮ ಎಂದರೆ ಅಪ್ಪನ ಎರಡನೆಯ ಹೆಂಡತಿ. ಅವರು ಮನೆಗೆ ಬಂದಾಗ ಇವಳಿಗೆ ಐದು ವರ್ಷ, ಅಮ್ಮ ತೀರಿಹೋಗಿ ಎರಡು ವರ್ಷ. ಅಂದಿನಿಂದ ಚಿಕ್ಕಮ್ಮನ ಪ್ರತಿ ಹುಟ್ಟುಹಬ್ಬಕ್ಕೂ ಅಪ್ಪ ಒಂದು ಲಿಪ್‌ಸ್ಟಿಕ್ ತರುತ್ತಾರೆ. ಅದೇ ಕಂಪನಿ, ಅದೇ ಹದಿನಾಲ್ಕನೆಯ ನಂಬರು, ಗುಲಾಬಿ ಬೆರೆತ ಕೆಂಪು. ಹೆಂಗಸರ ಸಾಮಾನಿನಲ್ಲಿ ತನಗೆ ಬಾಯಿಪಾಠ ಬರುವುದು ಇದೊಂದೇ ಎಂದು ಹೆಮ್ಮೆ ಬೇರೆ. ಆ ಪಾಠ ಯಾರಿಗಾಗಿ ಕಲಿತದ್ದು ಎಂಬುದು ಅವರಿಗೆ ಮರೆತೇ ಹೋಗಿರಬೇಕು. ಎರಡು ವರ್ಷದ ಕೆಳಗೆ ಜನನ ಪತ್ರ ಹುಡುಕುತ್ತಿದ್ದಾಗ ಅಮ್ಮನ ಕೈಚೀಲದ ತಳದಲ್ಲಿ ಒಣಗಿದ ಲಿಪ್‌ಸ್ಟಿಕ್ ಒಂದು ಇವಳಿಗೆ ಸಿಕ್ಕಿತ್ತು. ಬುಡದಲ್ಲಿ ಹದಿನಾಲ್ಕು ಎಂದಿತ್ತು.

ಅಮ್ಮನದು ಬಿಳಿ ಮೈಬಣ್ಣವಂತೆ, ಅವಳಿಗೆ ಒಪ್ಪಿರಬಹುದು. ಎಣ್ಣೆಗಪ್ಪಿನ ಚಿಕ್ಕಮ್ಮನ ತುಟಿಗೆ ಬಂದರೆ ಅದೇ ಕೆಂಪು ಮುಖಕ್ಕೆಲ್ಲ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ನನ್ನ ಮೋರೆಗೆ ಕೆಂಪು ಆಗಿಬರಲ್ಲ ಎಂದು ನಗುತ್ತಲೇ ಚಿಕ್ಕಮ್ಮ ಹಚ್ಚಿಕೊಳ್ಳುತ್ತಿದ್ದರು. ಆದರೆ ಇವತ್ತಿನ ಸಂಗತಿ ಬೇರೆ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಹೆಂಗಸರೆಲ್ಲ ಇವರನ್ನೇ ಕೇಳಿಕೊಂಡು ಬರುವುದರಿಂದ ಸ್ಕೂಲಿನ ಹೊಸ ಬೋರ್ಡಿನಲ್ಲಿ ಇವರದೇ ಫೋಟೋ ಹಾಕಿಸುವುದೆಂದು ಮಾಲೀಕರು ತೀರ್ಮಾನಿಸಿದ್ದರು. ಮಧ್ಯಾಹ್ನ ಸ್ಟುಡಿಯೋಗೆ ಹೋಗಬೇಕು. ಬೋರ್ಡಿನಲ್ಲಿ ಬಿಳಿಚಿಕೊಂಡು ನಿಂತರೆ ಈಗಷ್ಟೇ ಎಲ್ಲಿಗೋ ಗುದ್ದಿ ಬಂದಿದ್ದಾಳೆ ಅಂದುಕೊಂಡಾರು, ಓದಿದವಳು ನೀನೇ ಒಂದು ಬಣ್ಣ ಆರಿಸಿಕೊಡು ಎಂದು ಚಿಕ್ಕಮ್ಮ ಬೆಳಿಗ್ಗೆಯೇ ಇವಳನ್ನು ಹೊರಡಿಸಿದ್ದರು.

ಅಂಗಡಿಯಾಕೆ ಮಣಿಕಟ್ಟಿನ ನರ ನೋಡಿದಳು. ನೀಲಿಯಾಗಿ ಕಂಡರೆ ಗುಲಾಬಿ ಬೆರೆತ ಕೆಂಪು, ಹಸಿರಾಗಿ ಕಂಡರೆ ಇಟ್ಟಿಗೆಯ ಕಡೆ ವಾಲುವ ಕೆಂಪು, ನಿಮ್ಮದು ಹಸಿರು ಎಂದಳು. ಹಸಿರು ಅಂದರೆ ಮುಂದೆ ಹೋಗಬಹುದು ತಾನೇ ಎಂದರು ಚಿಕ್ಕಮ್ಮ. ಸ್ಟಿಯರಿಂಗ್ ಹಿಡಿದು ಬಿಸಿಲಿಗೆ ಕಂದಿದ ಮುಂಗೈಯನ್ನು ಅಂಗಡಿಯಾಕೆ ನಂಬಲಿಲ್ಲ. ತುಟಿಯ ಬಣ್ಣಕ್ಕೆ ಹತ್ತಿರದ್ದು ಬೆರಳ ತುದಿ ಎಂದು ಅಲ್ಲಿಗೇ ಒಂದೊಂದು ಕೆಂಪು ಹಚ್ಚಿ ನೋಡಿದಳು. ಮೂರನೆಯದಕ್ಕೆ ತಲೆಯಾಡಿಸಿ, ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಅದನ್ನು ಸ್ವಲ್ಪ ತೆಗೆದುಕೊಟ್ಟು, ಈ ಹಳದಿ ದೀಪದಲ್ಲಿ ಬೇಡ, ಹೊರಗೆ ಹಗಲು ಬೆಳಕಿನಲ್ಲಿ ಹಚ್ಚಿ ನೋಡಿಕೊಂಡು ಬನ್ನಿ ಎಂದಳು.

ಸ್ಕೂಲಿನ ಕಾರು ಎದುರಿಗೇ ನಿಂತಿತ್ತು. ಚಿಕ್ಕಮ್ಮ ಅಭ್ಯಾಸಬಲದಿಂದ ಕಲಿಸುವವರ ಸೀಟಿನಲ್ಲಿ ಕೂತರು, ಇವಳು ಸ್ಟಿಯರಿಂಗಿನ ಮುಂದೆ. ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಚಿಕ್ಕಮ್ಮ ನಿಧಾನವಾಗಿ ಹಚ್ಚಿಕೊಂಡರು. ಕೆನ್ನೆಯ ಏರು, ಕಣ್ಣಿನ ಬಿಳಿ, ಮೂಗಿನ ಪಕ್ಕದ ಮಚ್ಚೆ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದವು. ಇಷ್ಟು ಚೆಂದದ ಮುಖವನ್ನು ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡೂ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಅನಿಸಿತು.

ಚಿಕ್ಕಮ್ಮ ಡ್ಯಾಶ್‌ಬೋರ್ಡಿನ ಮೇಲಿದ್ದ ಪೆಟ್ಟಿಗೆಯಿಂದ ಒಂದು ಟಿಶ್ಯೂ ಎಳೆದು ಕೈಯಲ್ಲಿ ಹಿಡಿದುಕೊಂಡರು.

"ಒರೆಸಬೇಡಿ," ಎಂದಳು ಅವಳು. "ಆ ಹದಿನಾಲ್ಕು ನಿಮ್ಮ ಬಣ್ಣ ಅಲ್ಲ. ಅಪ್ಪ ಅದನ್ನ..."



"ನಿಮ್ಮಮ್ಮಂದು. ಗೊತ್ತು ಕಣೇ. ಅವಳ ಕೈಚೀಲದ ಧೂಳು ಒರೆಸಿ ಎತ್ತಿಟ್ಟಿದ್ದೇ ನಾನು, ಮದುವೆಯಾದ ಹೊಸದರಲ್ಲಿ."

"ಗೊತ್ತಿದ್ದೂ ಹಚ್ಕೋತಿದ್ರಾ? ಅಪ್ಪನಿಗೋಸ್ಕರ?"

"ನಿಮ್ಮಪ್ಪನಿಗಾ?" ಚಿಕ್ಕಮ್ಮ ನಕ್ಕರು. "ಅವರಿಗೆ ನನ್ನ ತುಟಿಗೂ ಕಾರಿನ ಹಿಂದಿನ ಲೈಟಿಗೂ ವ್ಯತ್ಯಾಸ ಗೊತ್ತಾಗಲ್ಲ. ನಿನಗೋಸ್ಕರ. ಇಷ್ಟೇ ಇಷ್ಟಿದ್ದೆ ನೀನು. ಅಮ್ಮನ ಬಣ್ಣವಾದ್ರೂ ಮನೇಲಿ ಕಣ್ಣಿಗೆ ಬೀಳ್ತಾ ಇರಲಿ, ಮಗುವಿಗೆ ಮುಖ ಮರೆತು ಹೋಗಬಾರದು ಅಂತ ಹಚ್ಕೊಂಡೆ. ಆಮೇಲೆ ಬಿಡೋಕೆ ಭಯ ಆಯ್ತು. ಎಲ್ಲಿ ಅವಳನ್ನ ಮನೆಯಿಂದ ಆಚೆ ಕಳಿಸಿದ ಹಾಗೆ ಆಗುತ್ತೋ, ನಿನಗೆ ಎಲ್ಲಿ ನೋವಾಗುತ್ತೋ ಅಂತ. ಅದಕ್ಕೇ ಇವತ್ತು ನೀನೇ ಆರಿಸು ಅಂದೆ." ಟಿಶ್ಯೂ ತುಟಿಯ ಹತ್ತಿರ ಬಂದು ನಿಂತಿತು. "ಈಗಲೂ ಅಷ್ಟೇ. ಬೇಡ ಅನ್ನು, ಒರೆಸಿಬಿಡ್ತೀನಿ. ಫೋಟೋ ಹದಿನಾಲ್ಕರಲ್ಲೇ ಆಗಲಿ."

ಚಿಕ್ಕಮ್ಮನ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಎದುರಿನ ಗಾಜಿನ ಆಚೆ ರಸ್ತೆ ದಾಟುತ್ತಿದ್ದ ಜನರನ್ನು ನೋಡುತ್ತ, ಇಷ್ಟು ವರ್ಷ ತನಗೆ ತಾನೂ ಹೇಳಿಕೊಂಡಿರದ ಮಾತನ್ನು ಮೆಲ್ಲಗೆ ಹೇಳಿದಳು.

"ಅಮ್ಮನ ಮುಖ ನನಗೆ ಫೋಟೋದಲ್ಲಿ ಇರೋದಷ್ಟೇ ಗೊತ್ತು, ಚಿಕ್ಕಮ್ಮ. ಅಮ್ಮ ಅಂತ ಕಣ್ಣು ಮುಚ್ಚಿದ್ರೆ ಬರೋದು ನಿಮ್ಮ ಮುಖ."